ಸುಣ್ಣದ ಗೆರೆ ಮತ್ತು ಉದ್ದ ಲೆನ್ಸು

"ಇಂಥಾದ್ದು ಐತೇನ್ರಿ ನಿಮ್ಮ ಕಡೆ?" ಎಂದು ಕೇಳುತ್ತ ಶರ್ಯತ್ತು ಕಮಿಟಿಯ ಅಧ್ಯಕ್ಷರು ತಮ್ಮ ಮೊಬೈಲನ್ನು ನನ್ನ ಸ್ಟುಡಿಯೋದ ಗಾಜಿನ ಮೇಜಿನ ಮೇಲಿಟ್ಟರು. ಪರದೆಯಲ್ಲಿ ಕ್ರಿಕೆಟ್ ಮೈದಾನದ ಅಂಚಿಗೆ ಕೂತ ಯಾರೋ ಒಬ್ಬ ಹಾಲಿನ ಕ್ಯಾನಿನಷ್ಟು ದಪ್ಪನೆಯ ಬಿಳಿ ಲೆನ್ಸ್ ಹಿಡಿದಿದ್ದ. "ಇದನ್ನ ಹಚ್ಚಿದ್ರ ಯಾರ ಎತ್ತು ಮೊದಲ ಬಂತು ಅನ್ನೋದು ಏಕದಮ್ ಗೊತ್ತಾಗತೈತಂತ. ಹೋದ ವರ್ಷದಂಗ ಹೊಡೆದಾಟ ಬ್ಯಾಡ ನಮಗ."

ಹೋದ ವರ್ಷದ ಸುದ್ದಿ ಚಿಕ್ಕೋಡಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಎತ್ತಿನ ಗಾಡಿ ಶರ್ಯತ್ತಿನ ಕಡೆಯ ಓಟದಲ್ಲಿ ಎರಡು ಜೋಡಿಗಳು ಒಟ್ಟಿಗೇ ಗೆರೆ ದಾಟಿದ್ದವು. ಪಂಚರು ಒಂದು ಹೇಳಿದರು, ಜನ ಇನ್ನೊಂದು ಹೇಳಿದರು. ಎತ್ತುಗಳು ಸುಮ್ಮನೆ ಮೇವು ತಿನ್ನುತ್ತಿದ್ದವು, ತಲೆ ಒಡೆದುಕೊಂಡವರು ಮನುಷ್ಯರು. ಗೆದ್ದವರು ಊರಿಗೊಯ್ಯಬೇಕಾದ ನಿಶಾನಿ, ಅಂದರೆ ಗೆಲುವಿನ ಬಾವುಟ, ಯಾವ ಊರಿಗೂ ಹೋಗದೆ ಕಮಿಟಿಯವರ ಕಪಾಟಿನಲ್ಲೇ ಉಳಿದಿತ್ತು. ಅದಕ್ಕೇ ಈ ಸಲ ಫೋಟೊ ನೋಡಿ ತೀರ್ಪು ಕೊಡುವುದೆಂದು ನಿರ್ಧಾರವಾಗಿತ್ತು.

"ಉದ್ದ ಲೆನ್ಸ್ ಕೊಲ್ಲಾಪುರದಿಂದ ಬಾಡಿಗಿ ತರಿಸ್ತೀನ್ರಿ. ಆದ್ರ ಅದರಿಂದ ಯಾರು ಮುಂದ ಅನ್ನೋದು ಗೊತ್ತಾಗಂಗಿಲ್ಲ," ಎಂದೆ.

ಅಧ್ಯಕ್ಷರು ನಕ್ಕರು. "ನೀವs ಬರ್ತೀರೋ, ಯಾರರೆ ಗಂಡಸರನ್ನ ಕಳಸ್ತೀರೋ?"

"ಕ್ಯಾಮೆರಾ ನನ್ನ ಮಾತು ಕೇಳತೈತ್ರಿ. ಗಂಡಸರ ಮಾತು ಕೇಳಿ ರೂಢಿ ಇಲ್ಲ ಅದಕ್ಕ."

ನಮ್ಮ ಕಡೆ ಲೆನ್ಸನ್ನು ಅಳೆಯುವುದು ಉದ್ದ ನೋಡಿ. ಮದುವೆಗೆ ಹೋದರೂ ಬೀಗರು ಮೊದಲು ನನ್ನ ಕೈಯಲ್ಲಿರುವುದರ ಗಾತ್ರ ನೋಡುತ್ತಾರೆ, ಆಮೇಲೆ ನನ್ನ ಮುಖ. ಸಣ್ಣ ಲೆನ್ಸ್ ಹಿಡಿದರೆ "ಬರೇ ಇಷ್ಟ ಏನ್ರಿ?" ಎನ್ನುತ್ತಾರೆ. ಅವರಿಗೆ ತಿಳಿಸಿ ಹೇಳಿ ನನ್ನ ನಾಲಿಗೆ ಸವೆದಿದೆ. ಸೌಟು ದೊಡ್ಡದಿದೆ ಎಂದು ಅದರಲ್ಲಿ ರೊಟ್ಟಿ ತಿರುವಲು ಬರುತ್ತದೆಯೇ? ಅಕ್ಷತೆಯ ಹೊತ್ತಿಗೆ ಇಕ್ಕಟ್ಟಾದ ಮಂಟಪದಲ್ಲಿ ಅಗಲ ಕಾಣುವ ಲೆನ್ಸ್ ಬೇಕು. ಆದರೆ ಅದರಲ್ಲಿ ಅಂಚಿಗೆ ನಿಂತ ಸೋದರತ್ತೆಯ ತೋಳು ತೊಡೆಯಷ್ಟಾಗಿ ಕಾಣುತ್ತದೆ, ಆಮೇಲೆ ಆಕೆ ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ. ಮದುಮಗಳ ಮುಖಕ್ಕೆ ಎಂಬತ್ತೈದು ಮಿಲಿಮೀಟರಿನ ಲೆನ್ಸ್ ಹಾಕಿದರೆ ಮೂಗು ಮೂಗಿನಷ್ಟೇ ಇರುತ್ತದೆ, ಹಿಂದಿನ ಗದ್ದಲ ಮಸುಕಾಗುತ್ತದೆ. ಅಥಣಿ ಕಡೆಯ ತೋಟದವರು ದ್ರಾಕ್ಷಿ ಕಾಳಿನ ಮೇಲಿನ ಕಲೆ ತೋರಿಸಿ ಎಂದರೆ ಅದಕ್ಕೆ ಹತ್ತಿರದಿಂದ ನೋಡುವ ಮ್ಯಾಕ್ರೋ ಬೇರೆಯೇ ಇದೆ. ಲೆನ್ಸ್ ಆರಿಸುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ: ಈ ಫೋಟೊಗೆ ನಾಳೆ ಜನ ಯಾವ ಪ್ರಶ್ನೆ ಕೇಳುತ್ತಾರೆ?

ಶರ್ಯತ್ತಿನಲ್ಲಿ ಪ್ರಶ್ನೆಗಳು ಎರಡಿದ್ದವು. ಬ್ಯಾನರಿಗೆ ಎತ್ತುಗಳು ಎದುರಿಗೆ ನುಗ್ಗಿ ಬರುವ ಚಿತ್ರ ಬೇಕು. ಅದಕ್ಕೆ ಉದ್ದ ಲೆನ್ಸೇ ಸರಿ, ದೂರ ನಿಂತರೂ ಎತ್ತಿನ ಕಣ್ಣ ರೆಪ್ಪೆ ಕಾಣುತ್ತದೆ. ಆದರೆ ಯಾರು ಮೊದಲು ಎಂದು ತಿಳಿಯಬೇಕಾದರೆ ಕ್ಯಾಮೆರಾ ಎದುರಿಗೆ ಇರಬಾರದು, ಗೆರೆಯ ನೇರಕ್ಕೆ ಪಕ್ಕದಲ್ಲಿ ಇರಬೇಕು. ಅಲ್ಲಿ ಐವತ್ತರ ಸಣ್ಣ ಲೆನ್ಸ್ ಸಾಕು. ಆ ಲೆನ್ಸ್ ನೋಡಿದರೆ ಅಧ್ಯಕ್ಷರಿಗೆ ಅಳು ಬರುವಂತಿತ್ತು. ಚಹದ ಕಪ್ಪಿನಷ್ಟೂ ಇಲ್ಲ ಅದು.

ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ, ರಾಯಬಾಗದ ರಸ್ತೆಗೆ ಹೊಂದಿಕೊಂಡು ಮೈದಾನ ಮಾಡಿದ್ದರು. ಬೆಳಿಗ್ಗೆ ನಾನೂ ನನ್ನ ನಾದಿನಿಯೂ ಎರಡು ಕ್ಯಾಮೆರಾ ಹೊತ್ತು ಹೋದೆವು. ಎರಡು ಯಾಕೆಂದರೆ ಅಂಥ ಧೂಳಿನಲ್ಲಿ ಲೆನ್ಸ್ ಬದಲಿಸುವುದೆಂದರೆ ಕ್ಯಾಮೆರಾದ ಹೊಟ್ಟೆ ತೆರೆದು ಮಣ್ಣು ತುಂಬಿದಂತೆ. ಸೆನ್ಸರಿನ ಮೇಲೆ ಒಂದು ಕಣ ಕೂತರೆ ಆಮೇಲೆ ತೆಗೆದ ಪ್ರತಿ ಆಕಾಶದಲ್ಲೂ ಒಂದು ಚುಕ್ಕೆ ಕಾಣುತ್ತದೆ. ಹಾಗಾಗಿ ಒಂದು ಕ್ಯಾಮೆರಾಕ್ಕೆ ಉದ್ದದ್ದು, ಇನ್ನೊಂದಕ್ಕೆ ಐವತ್ತರದು ಮನೆಯಲ್ಲೇ ಹಾಕಿ, ಸಂದಿಗೆ ಟೇಪು ಸುತ್ತಿಕೊಂಡು ಬಂದಿದ್ದೆ.

ಬಂದು ನೋಡಿದರೆ ಸುಣ್ಣದ ಗೆರೆಯ ನೇರಕ್ಕೆ, ನನ್ನ ಕ್ಯಾಮೆರಾ ನಿಲ್ಲಬೇಕಾದ ಜಾಗದಲ್ಲೇ, ಗಣ್ಯರು ಕೂಡುವ ಟ್ರಾಕ್ಟರ್ ಟ್ರಾಲಿ ನಿಂತಿತ್ತು. ಅದರ ಮೇಲೆ ಜಮಖಾನೆ, ಪ್ಲಾಸ್ಟಿಕ್ ಕುರ್ಚಿ, ನಡುವೆ ನೆಟ್ಟ ನಿಶಾನಿ.

"ಟ್ರಾಲಿ ಆಚೀಕ ಸರಸ್ರಿ," ಎಂದೆ.

"ಅಲ್ಲಿ ದೊಡ್ಡವರು ಕೂಡಾವ್ರು ಅದಾರ್ರಿ," ಎಂದರು ಅಧ್ಯಕ್ಷರು.

"ದೊಡ್ಡವರು ಎಲ್ಲಿ ಕುಂತ್ರೂ ದೊಡ್ಡವರs. ಕ್ಯಾಮೆರಾ ಒಂದು ಗೇಣು ಸರದ್ರ ಸುಳ್ಳು ಹೇಳತೈತಿ."

ಅಧ್ಯಕ್ಷರು ಗೊಣಗಿದರು. ಆಗ ಕುರ್ಚಿಯ ಮೇಲಿದ್ದ ಬೇಡಕಿಹಾಳದ ಯಜಮಾನರು ತಾವಾಗಿಯೇ ಎದ್ದು ಕೆಳಗಿಳಿದರು. ಅವರದು ಹಳೆಯ ಜೈನ ಮನೆತನ, ಕಬ್ಬಿನ ದೊಡ್ಡ ಒಕ್ಕಲುತನ. ಅಧ್ಯಕ್ಷರಿಗೆ ದೊಡ್ಡಪ್ಪನಾಗಬೇಕು. ಅವರ ಬಿಳಿ ಖಿಲಾರಿ ಎತ್ತಿನ ಜೋಡಿ ಆ ಸೀಮೆಗೆಲ್ಲ ಹೆಸರುವಾಸಿ. ಅವರ ಮನೆಯ ಎಲ್ಲ ಮದುವೆಗಳನ್ನೂ ನಾನೇ ತೆಗೆದಿದ್ದೆ, ಮುಂದಿನ ಮದುವೆಯ ಮಾತೂ ಆಗಿತ್ತು. "ಆಕಿ ಹೇಳಿದಂಗ ಮಾಡ್ರಪಾ. ಕೆಲಸ ಆಕಿದು," ಎಂದರು. ಟ್ರಾಲಿ ಸರಿಯಿತು.

ಗೋಡೆಗೆ ಗಾರೆ ಬಳಿಯುವ ಗಿಲಾಯಿ ಕೆಲಸದವರು ಹತ್ತಿ ನಿಲ್ಲುವ ಕಬ್ಬಿಣದ ಎತ್ತರದ ಸ್ಟೂಲನ್ನು ಅಲ್ಲಿಡಿಸಿ, ಅದರ ಮೇಲೆ ಐವತ್ತರ ಕ್ಯಾಮೆರಾ ಕಟ್ಟಿದೆ. ಎತ್ತರ ಬೇಕು, ಇಲ್ಲವಾದರೆ ಈಚೆಯ ಎತ್ತು ಆಚೆಯ ಎತ್ತನ್ನು ಮುಚ್ಚಿಬಿಡುತ್ತದೆ. ಗೆರೆಯ ಎರಡೂ ತುದಿಗೆ ಒಂದೊಂದು ಕೋಲು ನೆಡಿಸಿದೆ. ಕ್ಯಾಮೆರಾದಲ್ಲಿ ನೋಡಿದಾಗ ಹತ್ತಿರದ ಕೋಲಿನ ಹಿಂದೆ ದೂರದ ಕೋಲು ಪೂರ್ತಿ ಅಡಗಬೇಕು. ಅಡಗಿದರೆ ನಾವು ಗೆರೆಯ ನೇರಕ್ಕಿದ್ದೇವೆ, ಇಣುಕಿದರೆ ಇಲ್ಲ. ಸ್ಟೂಲನ್ನು ಅಂಗುಲ ಅಂಗುಲ ಸರಿಸಿ ಎರಡು ಕೋಲು ಒಂದೇ ಆಗುವವರೆಗೆ ಬಿಡಲಿಲ್ಲ. ಫೋಕಸ್ ಕೈಯಿಂದ ಕೂರಿಸಿ, ಉಂಗುರಕ್ಕೆ ಟೇಪು ಅಂಟಿಸಿದೆ. ಧೂಳಿನಲ್ಲಿ ತಾನಾಗಿ ಫೋಕಸ್ ಹುಡುಕಲು ಬಿಟ್ಟರೆ ಅದು ಧೂಳನ್ನೇ ಹಿಡಿಯುತ್ತದೆ. ಶಟರ್ ಬಲು ಚುರುಕು, ಗುಂಡಿ ಒತ್ತಿದಷ್ಟು ಹೊತ್ತೂ ಚಿತ್ರಗಳು ಸಾಲಾಗಿ ಬೀಳುವಂತೆ ಇಟ್ಟೆ. ರಿಮೋಟ್ ನಾದಿನಿಯ ಕೈಗೆ ಕೊಟ್ಟೆ.

"ಒಂದ ಮಾತು," ಎಂದು ಅಧ್ಯಕ್ಷರಿಗೆ ಹೇಳಿದೆ. "ಗಾಡಿ ಬೆನ್ನ ಹತ್ತಿ ಬರೋ ಮೋಟರ್ ಸೈಕಲ್ ಗೆರಿ ಹತ್ರ ಬರಬಾರದು. ಹಗ್ಗ ಕಟ್ಟಸ್ರಿ."

"ಬಿಡಂಗs ಇಲ್ರಿ. ನೀವು ನಿಶ್ಚಿಂತಿ ಇರ್ರಿ."

ನಮ್ಮ ಭಾಗದಲ್ಲಿ ಗಾಡಿ ಓಡಿದರೆ ಅದರ ಪಕ್ಕದಲ್ಲಿ ಮೋಟರ್ ಸೈಕಲ್ ಓಡಲೇಬೇಕು. ಹುರುಪು ಹಾಗಿರುತ್ತದೆ. ಹಿಂದೆ ಕೂತವನು ಎದ್ದು ನಿಂತು, ಟಾವೆಲ್ ಬೀಸುತ್ತ, ಎತ್ತಿನ ಹೆಸರು ಹಿಡಿದು ಒದರುತ್ತಾನೆ. ಹಾಗಾಗಿ ಅಧ್ಯಕ್ಷರ ಮಾತನ್ನು ನಾನು ಪೂರ್ತಿ ನಂಬಿರಲಿಲ್ಲ. ಆದರೂ ಮೊದಮೊದಲ ಓಟಗಳಲ್ಲಿ ಹಗ್ಗ ಇತ್ತು. ನಾದಿನಿ ತೆಗೆದ ಚಿತ್ರಗಳಲ್ಲಿ ಎತ್ತಿನ ಮೂತಿ, ಕೋಲು, ಸುಣ್ಣ ಎಲ್ಲ ಸ್ಪಷ್ಟ. ಪಂಚರು ಬಂದು ನೋಡಿ ತಲೆಯಾಡಿಸಿ ಹೋದರು. ಪ್ರತಿ ಓಟಕ್ಕೂ ಮೊದಲು ಮೈಕಿನವನು ನಿಯಮ ಓದುತ್ತಿದ್ದ: "ಚಾಬೂಕ ಇಲ್ಲ, ಮೊಳಿ ಇಲ್ಲ, ಬಾಲ ಕಚ್ಚೋದಿಲ್ಲ. ಸಿಕ್ರ ಜೋಡಿ ಬಾದ್!" ಬಾದ್ ಎಂದರೆ ಆಟದಿಂದ ಹೊರಗೆ.

ಕಡೆಯ ಓಟಕ್ಕೆ ಉಳಿದದ್ದು ಎರಡು ಜೋಡಿ. ಒಂದು ಯಜಮಾನರ ಬಿಳಿ ಜೋಡಿ, ಅದನ್ನು ಹೊಡೆಯುವವನು ಈ ವರ್ಷ ಹೊಸದಾಗಿ ಬಂದ ಗಾಡಿಕಾರ. ಇನ್ನೊಂದು ತೆಲಸಂಗದ ರೈತನ ಬೂದು ಜೋಡಿ, ಗಾಡಿಯ ಮೇಲೆ ಆತನೇ. ನಾನು ಉದ್ದ ಲೆನ್ಸ್ ಹೊತ್ತು ಗೆರೆಯಾಚೆ, ಓಟದ ಎಡಬದಿಯ ಬದುವಿನ ಮೇಲೆ ಮಂಡಿಯೂರಿ ಕೂತೆ. ಬಿಳಿ ಜೋಡಿ ನನ್ನ ಬದಿಗೆ, ಬೂದು ಜೋಡಿ ಆಚೆಗೆ. ಓಟ ಬಿಡುವ ಕೆಂಪು ಬಟ್ಟೆ ಕೆಳಗೆ ಬಿತ್ತು. ದೂರದಲ್ಲಿ ಧೂಳೆದ್ದಿತು. ಲೆನ್ಸಿನೊಳಗೆ ಮೊದಲು ಕೊಂಬು ಕಂಡವು, ಆಮೇಲೆ ಕಣ್ಣು, ಜೊಲ್ಲು. ಗುಂಡಿ ಒತ್ತಿ ಹಿಡಿದೆ. ಅಷ್ಟರಲ್ಲಿ ಹಗ್ಗ ಹಾರಿಸಿಕೊಂಡು ಮೋಟರ್ ಸೈಕಲ್ಲುಗಳು ಗೆರೆಯ ಮೇಲೆಯೇ ನುಗ್ಗಿದವು.

"ವೈನೀ, ಬರೇ ಟಾವೆಲ್ ಬಂದೈತಿ!" ಎಂದು ನಾದಿನಿ ಅಲ್ಲಿಂದಲೇ ಕೂಗಿದಳು.

ಓಡಿ ಹೋಗಿ ನೋಡಿದೆ. ಗೆರೆಗೆ ಮೊದಲು ಎರಡೂ ಜೋಡಿ ಸಮಸಮ. ಮುಂದಿನ ಚಿತ್ರಗಳಲ್ಲಿ ಬೈಕಿನ ಮೇಲೆ ಎದ್ದು ನಿಂತ ಒಬ್ಬನ ಬೆನ್ನು, ಅವನ ಟಾವೆಲ್ಲು. ಟಾವೆಲ್ ಸರಿಯುವಷ್ಟರಲ್ಲಿ ಎರಡೂ ಜೋಡಿ ಗೆರೆ ದಾಟಿದ್ದವು. ಬೆಳಗಿನಿಂದ ಕೋಲಿಗೆ ಕೋಲು ಹೊಂದಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಆ ಟಾವೆಲ್ಲಿನವನು ಸಿಕ್ಕಿದ್ದರೆ ಅದರಲ್ಲೇ ಕಟ್ಟಿಹಾಕುತ್ತಿದ್ದೆ.

ಆ ಹೊತ್ತಿಗೆ ಎರಡೂ ಕಡೆಯವರು ಎದುರುಬದುರಾಗಿದ್ದರು. ಅಧ್ಯಕ್ಷರು ಬಂದರು. "ಉದ್ದ ಲೆನ್ಸಿನ್ಯಾಗ ಬಂದೈತೆಲ್ಲ? ಅದನ್ನ ತೋರಸ್ರಿ."

ತೋರಿಸಿದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಬಿಳಿ ಎತ್ತಿನ ತಲೆ ಮುಂದೆ, ಬೂದು ಎತ್ತಿನ ತಲೆ ಅದರ ಹಿಂದೆ ಅರ್ಧ ಮರೆಯಾಗಿ. "ಮುಗೀತಲ್ಲ!" ಎಂದು ಅವರು ಅಂಗೈ ತಟ್ಟಿದರು.

"ಮುಗದಿಲ್ರಿ. ನಾ ಬಿಳಿ ಜೋಡಿ ಬದಿಗೆ ಕುಂತಿದ್ದೆ. ನನಗ ಹತ್ರ ಇದ್ದದ್ದು ಆಚೀಕಿಂದನ್ನ ಮುಚ್ಚತೈತಿ. ಮುಚ್ಚಿದ್ದನ್ನ ನೋಡಿ ಕಣ್ಣು ಮುಂದ ಅಂತ ತಿಳೀತೈತಿ. ಅದರ ಮ್ಯಾಲ ಉದ್ದ ಲೆನ್ಸ್ ನಡುವಿನ ಅಂತರಾನ ನುಂಗಿಬಿಡತೈತಿ. ಈ ಫೋಟೊ ಮ್ಯಾಲ ತೀರ್ಪು ಮಾಡಬ್ಯಾಡ್ರಿ."

ಅವರು ಒಪ್ಪಲಿಲ್ಲ. ಸರಿ, ಕಣ್ಣಿನಿಂದಲೇ ನೋಡಲಿ ಎಂದು ಎರಡೂ ಊರಿನವರಲ್ಲಿ ಒಬ್ಬೊಬ್ಬರನ್ನು ಕರೆದು ಸುಣ್ಣದ ಗೆರೆಯ ಮೇಲೆ ಹೆಬ್ಬೆರಳು ತಾಗಿಸಿ ನಿಲ್ಲಿಸಿದೆ. ಅದೇ ಬದುವಿನ ಮೇಲೆ ಅದೇ ಲೆನ್ಸಿನಿಂದ ತೆಗೆದು, ಡ್ರೋನಿನ ಚಿತ್ರ ತೋರಿಸಲು ತಂದಿದ್ದ ದೊಡ್ಡ ಎಲ್ಇಡಿ ಪರದೆಗೆ ಹಾಕಿಸಿದೆ. ನನ್ನ ಬದಿಗಿದ್ದ ಬೇಡಕಿಹಾಳದವನು ಒಂದು ಹೆಜ್ಜೆ ಮುಂದೆ ನಿಂತಂತೆ ಕಂಡ. ಕಾಲು ನೋಡಿದರೆ ಇಬ್ಬರದೂ ಗೆರೆಯ ಮೇಲೇ. ಜನ ಹೋ ಎಂದು ನಕ್ಕರು.

"ಅವ್ರು ಮನಷ್ಯಾರ್ರಿ, ಇವು ಎತ್ತು," ಎಂದರು ಅಧ್ಯಕ್ಷರು. ತಮ್ಮ ದೊಡ್ಡಪ್ಪನ ಊರಿಗೆ ನಿಶಾನಿ ಹೋಗಬೇಕು ಎಂದು ಅವರ ಮುಖದಲ್ಲೇ ಬರೆದಿತ್ತು. ತೆಲಸಂಗದ ರೈತ ಗಾಡಿಯ ನೊಗಕ್ಕೆ ಕೈಯಿಟ್ಟು ನಿಂತಿದ್ದ. ನನ್ನ ಒಂದು ಚಿತ್ರದಿಂದ ಅವನ ಜೋಡಿ ಸೋತ ಜೋಡಿಯಾಗಿ ಊರಿಗೆ ಹೋಗುವುದಿತ್ತು. ಅದು ನನ್ನಿಂದ ಆಗಲಿಕ್ಕೆ ನಾನು ಬಿಡುವವಳಲ್ಲ.

ಓಟದ ಚಿತ್ರವನ್ನೇ ದೊಡ್ಡ ಪರದೆಗೆ ಹಾಕಿಸಿ ಎಂದು ಅಧ್ಯಕ್ಷರು ಪಟ್ಟು ಹಿಡಿದರು. ಪರದೆ ನಡೆಸುವವನಿಗೆ ಕಾರ್ಡನ್ನು ಮತ್ತೆ ಕೊಡುವ ಮೊದಲು, ರೂಢಿಯಂತೆ, ಫೋಕಸ್ ಸರಿ ಇದೆಯೇ ಎಂದು ಓಟದ ಚಿತ್ರವನ್ನು ಕ್ಯಾಮೆರಾದಲ್ಲೇ ಹಿಗ್ಗಿಸಿ ನೋಡಿದೆ. ಎತ್ತಿನ ಕಣ್ಣು ನೋಡಿದೆ, ಕೊಂಬು ನೋಡಿದೆ, ಹಾಗೇ ಹಿಂದಕ್ಕೆ ಸರಿದೆ. ಬಿಳಿ ಜೋಡಿಯ ಗಾಡಿಕಾರ ಮುಂದಕ್ಕೆ ಬಾಗಿದ್ದ. ಅವನ ಎಡಗೈ ಮುಷ್ಟಿ ಎತ್ತಿನ ಪಿರ್ರೆಗೆ ಒತ್ತಿತ್ತು. ಬೆರಳ ಸಂದಿಯಲ್ಲಿ ಏನೋ ಹೊಳೆಯುತ್ತಿತ್ತು. ಇನ್ನೂ ಹಿಗ್ಗಿಸಿದೆ. ಮೊಳೆ.

ಈ ಚಿತ್ರವನ್ನು ಸುಮ್ಮನೆ ಕಾರ್ಡಿನಿಂದ ಅಳಿಸಿ, ಕೈ ತಪ್ಪಿ ಹೋಯಿತು ಎಂದುಬಿಟ್ಟರೆ ಎರಡೂ ಊರಿಗೆ ಬರಾಬರಿ ಎಂದು ಮುಗಿದುಹೋಗುತ್ತದೆ. ಯಜಮಾನರ ಮಾನ ಉಳಿಯುತ್ತದೆ, ಮುಂದಿನ ಮದುವೆಯೂ ನನಗೇ ಉಳಿಯುತ್ತದೆ. ನನಗೆ ಹೆದರಿಕೆ ಆಯಿತೆಂದು ಹೇಳಲು ನಾಚಿಕೆಯಿಲ್ಲ. ಬೆಳಿಗ್ಗೆ ನನಗಾಗಿ ಕುರ್ಚಿ ಬಿಟ್ಟೆದ್ದವರು ಅವರೊಬ್ಬರೇ.

ಆಗಲೇ ಅಧ್ಯಕ್ಷರು ಹತ್ತಿರ ಬಂದು, ಪರದೆಯವನಿಗೆ ಕೇಳುವಂತೆ, "ಪೂರ್ತಿ ಫೋಟೊ ಬ್ಯಾಡ. ಎತ್ತಿನ ಮೂತಿ ಅಷ್ಟ ಕತ್ತರಿಸಿ ಹಾಕ್ರಿ," ಎಂದರು. ಕೈಯನ್ನು ಅವರೂ ನೋಡಿದ್ದರೋ, ಬರೀ ಗೆಲುವಿನ ಆತುರವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನನ್ನ ಹೆದರಿಕೆ ಹೋಯಿತು, ಸಿಟ್ಟು ಬಂತು. ಫೋಟೊ ಬೇಕೆಂದವರು ಅವರು. ಉದ್ದ ಲೆನ್ಸೇ ಆಗಬೇಕೆಂದವರೂ ಅವರೇ.

"ಕತ್ತರಿಸಿ ಕೊಡಾಕ ಇದು ಪಾಸ್‌ಪೋರ್ಟ್ ಫೋಟೊ ಅಲ್ರಿ. ತೋರಿಸಿದ್ರ ಪೂರ್ತಿ ತೋರಸ್ತೀನಿ."

ಮೈಕು ಕೈಗೆ ತೆಗೆದುಕೊಂಡೆ. ಗಂಡಸರ ಮೈದಾನದಲ್ಲಿ ಹೆಂಗಸಿನ ಧ್ವನಿ ಕೇಳಿ ಗದ್ದಲ ಇಳಿಯಿತು. "ಯಾರು ಮುಂದ ಅನ್ನೋದನ್ನ ಈ ಫೋಟೊ ಹೇಳಂಗಿಲ್ಲ. ಅದನ್ನ ಕೇಳಬ್ಯಾಡ್ರಿ. ಇದು ಏನು ಹೇಳತೈತಿ ಅನ್ನೋದನ್ನ ನೀವs ನೋಡ್ರಿ," ಎಂದು ಚಿತ್ರವನ್ನು ಅಂಚಿನಿಂದ ಅಂಚಿಗೆ ಪರದೆಗೆ ಹಾಕಿಸಿದೆ.

ಮೊದಲು ಬೇಡಕಿಹಾಳದವರು ಕೇಕೆ ಹಾಕಿದರು. ಆಮೇಲೆ ಯಾರೋ ಒಬ್ಬ "ಆ ಕೈಯಾಗ ಏನೈತಿ?" ಎಂದ. ಕೇಕೆ ನಿಂತಿತು. ಗಾಡಿಕಾರ ಜನರ ಹಿಂದೆ ಸರಿಯುವುದು ಕಂಡಿತು. ಅಧ್ಯಕ್ಷರು ಪರದೆ ಬಂದ್ ಮಾಡಿ ಎಂದು ಕೈ ಬೀಸಿದರು. ಆದರೆ ಯಜಮಾನರು ಟ್ರಾಲಿಯಿಂದ ಇಳಿದು ಪರದೆಯ ಮುಂದೆ ಬಂದು ನಿಂತಿದ್ದರು.

"ಕೈ ದೊಡ್ಡದು ಮಾಡ್ರಿ ಅಕ್ಕಾರ," ಎಂದರು.

ಮಾಡಿದೆ. ಅವರು ನೋಡಿದರು. ನನ್ನ ಕಡೆ ತಿರುಗಲಿಲ್ಲ, ಗಾಡಿಕಾರನನ್ನು ಕರೆಯಲೂ ಇಲ್ಲ. ನೆಟ್ಟಗೆ ತಮ್ಮ ಎತ್ತಿನ ಹತ್ತಿರ ಹೋಗಿ, ಗುಲಾಲು ಬಳಿದ ಪಿರ್ರೆಯ ಮೇಲೆ ಅಂಗೈ ಇಟ್ಟರು. ಎತ್ತು ಬೆದರಿ ಪಕ್ಕಕ್ಕೆ ಹಾರಿತು. ಅಂಗೈ ತಿರುಗಿಸಿ ನೋಡಿಕೊಂಡರು, ಕೆಂಪಗೆ ಒದ್ದೆಯಾಗಿತ್ತು. ಗುಲಾಲು ಒದ್ದೆಯಾಗಿರುವುದಿಲ್ಲ.

"ನಮ್ಮ ಮನ್ಯಾಗ ಇರವಿ ಮ್ಯಾಲೂ ಕಾಲ ಇಡಂಗಿಲ್ಲ," ಎಂದರು, ಯಾರಿಗೆ ಹೇಳಿದರೋ. ಆಮೇಲೆ ಟ್ರಾಲಿಯ ಮೇಲಿನ ನಿಶಾನಿಯನ್ನು ಕಿತ್ತು ತಂದು ತೆಲಸಂಗದ ರೈತನ ಮುಂದೆ ಹಿಡಿದರು.

ಆತ ಕೈ ಚಾಚಲಿಲ್ಲ. "ಸಾವಕಾರ್ರ, ನಾ ಮುಂದ ಇದ್ನೋ ಇಲ್ಲೋ ನನಗೂ ಗೊತ್ತಿಲ್ರಿ. ಕಣ್ಣಾಗ ಬರೇ ಧೂಳ ಇತ್ತು."

"ನೀ ಮುಂದ ಇದ್ದಿಲ್ಲಂದ್ರೂ ನಿಂದು ಓಡೈತಿ. ನನ್ನ ಎತ್ತು ಓಡಿಲ್ಲೋ ತಮ್ಮಾ, ತಪ್ಪಿಸ್ಕೊಂಡ ಬಂದೈತಿ."

ಪಂಚರು ಮೈಕಿನಲ್ಲಿ ಬಿಳಿ ಜೋಡಿ ಬಾದ್ ಎಂದು ಸಾರಿದರು. ನಿಶಾನಿ ತೆಲಸಂಗದ ಗಾಡಿ ಹತ್ತಿತು. ಆ ದಿನ ಯಾರ ತಲೆಯೂ ಒಡೆಯಲಿಲ್ಲ. ನಾವು ಸ್ಟೂಲು ಬಿಚ್ಚಿ, ಲೆನ್ಸಿನ ಧೂಳನ್ನು ಬಟ್ಟೆಯಿಂದ ಒರೆಸದೆ ಬರೀ ಗಾಳಿ ಊದಿ ತೆಗೆದು, ಗಾಡಿ ಹತ್ತಿದೆವು. ದಾರಿಯಲ್ಲಿ ನಾದಿನಿ, "ವೈನಿ, ಯಜಮಾನರ ಮನಿ ಕೆಲಸ ಹೋತು," ಎಂದಳು. "ಹೋದ್ರ ಹೋಗ್ಲಿ ಬಿಡ," ಎಂದೆ. ಬಾಯಲ್ಲಿ ಹಾಗೆಂದರೂ ಮನಸ್ಸಿನಲ್ಲಿ ಮುಳ್ಳು ಆಡುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಅಧ್ಯಕ್ಷರ ಫೋನ್ ಬಂತು. ಬ್ಯಾನರಿಗೆ ಅದೇ ಚಿತ್ರ ಬೇಕಂತೆ, ಅಷ್ಟು ಚಂದ ಬಂದದ್ದು ಬೇರೆ ಇಲ್ಲವಂತೆ. "ಕೈ ಒಂದ ಅಳಿಸಿ ಕೊಡ್ರಿ. ಈಗೇನು, ಮೊಬೈಲ್‌ನ್ಯಾಗs ಆಗತೈತಿ."

"ಹಂಗಾರ ಮೊಬೈಲ್‌ನ್ಯಾಗs ತಕ್ಕೋಬೇಕಿತ್ರಿ ಫೋಟೊ," ಎಂದೆ.

"ಮುಂದಿನ ವರ್ಷ ಸಾಂಗಲಿಯಿಂದ ಕರಸ್ತೀವಿ, ನೆಪ್ಪಿರ್ಲಿ."

"ಕರಸ್ರಿ. ಅವರಿಗೂ ಗೆರಿ ನೇರಕ್ಕ ಜಾಗಾ ಕೊಡ್ರಿ. ಹಗ್ಗಾನೂ ಗಟ್ಟಿ ಕಟ್ರಿ."

ಅದಾದ ವಾರದಲ್ಲಿ ಯಜಮಾನರ ಗಾಡಿ ನನ್ನ ಸ್ಟುಡಿಯೋದ ಮುಂದೆ ನಿಂತಿತು. ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂಡದೆ, "ಆ ಫೋಟೊ ದೊಡ್ಡದು ಮಾಡಿ ಕೊಡ್ರಿ, ದನದ ಮನಿಗೆ ಹಚ್ಚೂದೈತಿ," ಎಂದರು. ಜಗಳಕ್ಕೆ ಬಂದಿಲ್ಲವಲ್ಲ ಎಂದು ನನ್ನ ಜೀವ ಹಗುರಾಯಿತು. ಕೂಡಲೇ ಕಂಪ್ಯೂಟರ್ ಹಚ್ಚಿ, ಮನಸ್ಸು ಕೊಟ್ಟು ಕೆಲಸ ಮಾಡಿದೆ. ಬಿಳಿ ಎತ್ತಿನ ಅರಳಿದ ಮೂಗು, ಕೊಂಬಿನ ಮೇಲೆ ಬಿದ್ದ ಬೆಳಕು, ಹಿಂದೆ ಚಿನ್ನದ ಬಣ್ಣದ ಧೂಳು. ಗಾಡಿ, ಗಾಡಿಕಾರ ಯಾರೂ ಬಾರದಂತೆ ತಲೆಗಳನ್ನಷ್ಟೇ ಹೊಂದಿಸಿ ಪ್ರಿಂಟ್ ತೆಗೆದುಕೊಟ್ಟೆ.

ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಕೈ ಎಲ್ಲೈತಿ?"

"ನಿಮ್ಮ ಮನಸಿಗೆ ಬ್ಯಾಸರ ಆಗಬಾರದಂತ ತಗದೀನ್ರಿ."

ಯಜಮಾನರು ಪ್ರಿಂಟನ್ನು ಮೇಜಿನ ಮೇಲೆ ತಿರುಗಿಸಿಟ್ಟರು. "ಗಾಡಿ ಹೊಡಿಯಾಕ ಬರೋವ್ರು ಆ ಕೈ ನೋಡೇ ಒಳಗ ಬರಬೇಕು, ಅದಕ್ಕs ಬಂದೀನಿ. ಅವತ್ತ ಇಡೀ ಮೈದಾನಕ್ಕ ಪೂರ್ತಿ ತೋರಿಸಿದ್ರಿ. ಎತ್ತಿನ ಮಾಲಕಗ ಯಾಕ ಅರ್ಧಾ ಕೊಡ್ತೀರಿ?"

ನಾನು ಪೂರ್ತಿ ಚಿತ್ರ ತೆರೆದು, ಪ್ರಿಂಟರಿಗೆ ಇನ್ನೊಂದು ಹಾಳೆ ಹಾಕಿದೆ.